ತೈಲಕ್ಕಾಗಿ ಯುದ್ಧವೋ, ತೈಲ ನಿಂತುಹೋಗುವ ಭಯಕ್ಕೆ ಯುದ್ಧವೋ?

(ಇದೊಂದು ಚರ್ಚೆ. ಪ್ರತಿ ಭಾಗದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು.)

ಅನುಮಾನಿ

ಎಲ್ಲಿ ಯುದ್ಧ ಶುರುವಾದರೂ "ಎಲ್ಲವೂ ತೈಲಕ್ಕಾಗಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರು ಇದ್ದೇ ಇರುತ್ತಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ಕಚ್ಚಾ ತೈಲ ಹಣ ಕೊಟ್ಟವರಿಗೆಲ್ಲ ಸಿಗುವ ಸರಕು. ಬಾವಿಯನ್ನು ಗೆದ್ದು, ಕಾವಲು ಕಾದು, ಬಂಡಾಯ ಹತ್ತಿಕ್ಕಿ ತೈಲ ತರುವುದಕ್ಕಿಂತ ಪೇಟೆಯಲ್ಲಿ ಕೊಂಡು ತರುವುದು ಎಷ್ಟೋ ಪಾಲು ಅಗ್ಗ.

ಎಲ್ಲರೂ ಎತ್ತುವ ಉದಾಹರಣೆ ಅಮೆರಿಕ ದಾಳಿ ಮಾಡಿದ 2003ರ ಇರಾಕ್. ಸರಿ, ಆಮೇಲೆ ಏನಾಯಿತು? 2009ರ ಹರಾಜಿನಲ್ಲಿ ಇರಾಕಿನ ಅತಿ ದೊಡ್ಡ ನಿಕ್ಷೇಪವಾದ ರುಮೈಲಾ, ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸಿಎನ್‌ಪಿಸಿ ತೈಲ ಕಂಪನಿಗಳ ಕೂಟದ ಪಾಲಾಯಿತು. ವೆಸ್ಟ್ ಕುರ್ನಾ-2 ನಿಕ್ಷೇಪ ರಷ್ಯಾದ ಲುಕಾಯಿಲ್ ಕೈಗೆ ಹೋಯಿತು. ಅಮೆರಿಕದ ಎಕ್ಸಾನ್‌ಮೊಬಿಲ್‌ಗೆ ವೆಸ್ಟ್ ಕುರ್ನಾ-1 ಸಿಕ್ಕಿತು ನಿಜ, ಆದರೆ ಅದು ಕೊನೆಗೆ ಅಲ್ಲಿಂದ ಹೊರನಡೆಯಿತು. 2024ರ ಆರಂಭದಲ್ಲಿ ಆ ನಿಕ್ಷೇಪದ ಮುಖ್ಯ ಗುತ್ತಿಗೆದಾರಿಕೆ ಪೆಟ್ರೋಚೈನಾಕ್ಕೆ ಬಂತು. ರಕ್ತ ಸುರಿಸಿದವರೊಬ್ಬರು, ತೈಲ ಎತ್ತಿದವರು ಇನ್ನೊಬ್ಬರು. ತೈಲಕ್ಕಾಗಿಯೇ ನಡೆದ ಯುದ್ಧ ಹೀಗೆ ಕೊನೆಗೊಳ್ಳುವುದುಂಟೇ?

ಶಕ್ತಿ ಸಂಪನ್ಮೂಲಗಳು ದೊಡ್ಡ ರಾಷ್ಟ್ರಗಳ ಸಂಬಂಧವನ್ನು ನಿಜಕ್ಕೂ ಹೇಗೆ ಬದಲಿಸುತ್ತವೆ ಎಂಬುದೇ ನನ್ನ ಪ್ರಶ್ನೆ. ಘೋಷಣೆಗಳು ಬೇಡ, ನಡೆದ ಸಂಗತಿಗಳನ್ನು ಇಟ್ಟುಕೊಂಡು ಮಾತನಾಡೋಣ.

ಹಳೆಯ ನಕ್ಷೆ

"ಹಣ ಕೊಟ್ಟವರಿಗೆಲ್ಲ ಸಿಗುತ್ತದೆ" ಎಂಬ ನಿಮ್ಮ ನಂಬಿಕೆ 1941ರ ಜುಲೈವರೆಗೆ ಜಪಾನಿಗೂ ಇತ್ತು. ತನಗೆ ಬೇಕಾದ ತೈಲದಲ್ಲಿ ಸುಮಾರು ಶೇ 80ರಷ್ಟನ್ನು ಅದು ಅಮೆರಿಕದಿಂದಲೇ ಕೊಳ್ಳುತ್ತಿತ್ತು. ಜಪಾನಿನ ಸೇನೆ ಇಂಡೋಚೀನಾದ ದಕ್ಷಿಣ ಭಾಗಕ್ಕೆ ಕಾಲಿಟ್ಟ ಕೂಡಲೇ ರೂಸ್‌ವೆಲ್ಟ್ ಸರ್ಕಾರ ಅಮೆರಿಕದಲ್ಲಿದ್ದ ಜಪಾನಿನ ಹಣವನ್ನು ಮುಟ್ಟುಗೋಲು ಹಾಕಿತು. ಮಾರುಕಟ್ಟೆ ಇತ್ತು, ತೈಲವೂ ಇತ್ತು, ಜಪಾನಿನ ಬಳಿ ಹಣವೂ ಇತ್ತು. ಆ ಹಣ ಕೊಡಲು ದಾರಿ ಮಾತ್ರ ಉಳಿಯಲಿಲ್ಲ. ಡಚ್ಚರೂ ಬ್ರಿಟಿಷರೂ ಇದೇ ಹಾದಿ ಹಿಡಿದರು.

ನೌಕಾಪಡೆಯ ದಾಸ್ತಾನು ದಿನದಿಂದ ದಿನಕ್ಕೆ ಕರಗತೊಡಗಿತು. ಅಲ್ಲಿಂದ ಮುಂದಿನ ಲೆಕ್ಕ ಟೋಕಿಯೊದ ಸೇನಾಪತಿಗಳಿಗೆ ಸರಳವಾಗಿ ಕಂಡಿತು: ಈಗ ಹೋರಾಡದಿದ್ದರೆ ಮುಂದೆ ಹೋರಾಡಲು ಇಂಧನವೇ ಇರುವುದಿಲ್ಲ. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್, 1942ರ ಫೆಬ್ರುವರಿಯಲ್ಲಿ ಸುಮಾತ್ರಾದ ಪಾಲೆಂಬಾಂಗ್ ತೈಲ ಸಂಸ್ಕರಣಾಗಾರಗಳ ವಶ.

ಇದರ ಮುಂದಿನ ಭಾಗವನ್ನು ಹೆಚ್ಚಿನವರು ಓದುವುದೇ ಇಲ್ಲ. ಬಾವಿಗಳು ಜಪಾನಿನ ಕೈಗೆ ಬಂದವು. ಆದರೆ ತೈಲ ತಾಯ್ನಾಡನ್ನು ತಲುಪಬೇಕಾದರೆ ಹಡಗುಗಳು ಸಾವಿರಾರು ಕಿಲೋಮೀಟರ್ ಕ್ರಮಿಸಬೇಕಿತ್ತು. ಅಮೆರಿಕದ ಜಲಾಂತರ್ಗಾಮಿಗಳು ಆ ಹಡಗುಗಳನ್ನೇ ಹುಡುಕಿ ಮುಳುಗಿಸಿದವು. 1945ರ ಹೊತ್ತಿಗೆ ಆಮದು ಬಹುತೇಕ ನಿಂತುಹೋಗಿತ್ತು. ಯಾವ ತೈಲಕ್ಕಾಗಿ ಜಪಾನ್ ಯುದ್ಧಕ್ಕೆ ಇಳಿಯಿತೋ ಅದನ್ನು ಗೆದ್ದೂ ಬಳಸಲಾಗಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ರಾಷ್ಟ್ರಗಳನ್ನು ಕದನಕ್ಕೆ ತಳ್ಳುವುದು ತೈಲದ ಆಸೆಗಿಂತ ಹೆಚ್ಚಾಗಿ, ಬೇರೆಯವನೊಬ್ಬ ಅದನ್ನು ನಿಲ್ಲಿಸಬಲ್ಲ ಎಂಬ ಭಯ. ಈ ಭಯ ಹುಟ್ಟಿದ ಕಾಲವನ್ನೂ ಗುರುತಿಸಬಹುದು. ಮೊದಲ ಮಹಾಯುದ್ಧಕ್ಕೆ ಮುಂಚೆ ಚರ್ಚಿಲ್ ಬ್ರಿಟನ್ನಿನ ಯುದ್ಧನೌಕೆಗಳನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಿಸಿದರು. ವೇಲ್ಸ್‌ನ ಕಲ್ಲಿದ್ದಲು ಸ್ವಂತ ನೆಲದ್ದು, ತೈಲವಾದರೋ ಪರ್ಷಿಯಾದ್ದು. ವೇಗ ಸಿಕ್ಕಿತು, ಸ್ವಾವಲಂಬನೆ ಹೋಯಿತು. ಆ ಕೊರತೆ ತುಂಬಿಕೊಳ್ಳಲು 1914ರಲ್ಲಿ ಬ್ರಿಟಿಷ್ ಸರ್ಕಾರವೇ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿಯ ಶೇ 51ರಷ್ಟು ಪಾಲು ಕೊಂಡಿತು. ಪಶ್ಚಿಮ ಏಷ್ಯಾದ ಮುಂದಿನ ನೂರು ವರ್ಷದ ಗೋಜಲಿನ ಒಂದು ಎಳೆ ಆ ಸಹಿಯಿಂದ ಶುರುವಾಗುತ್ತದೆ.

ಬಿಡುಮಾತು

ಅದೇ ಕಂಪನಿಯ ಮುಂದಿನ ಅಧ್ಯಾಯವನ್ನೂ ಹೇಳಿ. 1951ರಲ್ಲಿ ಪ್ರಧಾನಿ ಮೊಸಾದೆಘ್ ಇರಾನಿನ ತೈಲವನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ ಹಾಕಿದ ಬಹಿಷ್ಕಾರದಿಂದ ಇರಾನಿಗೆ ಹಡಗೂ ಇಲ್ಲ, ಕೊಳ್ಳುವವರೂ ಇಲ್ಲ ಎಂಬಂತಾಯಿತು. 1953ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಬೇಹುಗಾರರು ಸೇರಿ ಆ ಸರ್ಕಾರವನ್ನೇ ಉರುಳಿಸಿದರು. ಮರುವರ್ಷ ಹುಟ್ಟಿದ ಒಕ್ಕೂಟದಲ್ಲಿ ಬ್ರಿಟಿಷ್ ಕಂಪನಿಗೆ ಶೇ 40, ಅಮೆರಿಕದ ಕಂಪನಿಗಳಿಗೂ ಶೇ 40. ಅದಕ್ಕೆ ಮುಂಚೆ ಇರಾನಿನಲ್ಲಿ ಅಮೆರಿಕದ ಪಾಲು ಸೊನ್ನೆ! ಮಿತ್ರನಿಗೆ ಸಹಾಯ ಮಾಡಿದ ಕೂಲಿ ಅದು. ಇದನ್ನು "ತೈಲಕ್ಕಾಗಿ" ಎನ್ನದೆ ಮತ್ತೇನು ಎನ್ನಬೇಕು?

ಅನುಮಾನಿ

ಬಿಡುಮಾತು ಅವರೇ, ಶೀತಲ ಸಮರದ ಹೊತ್ತಿನಲ್ಲಿ ಇರಾನ್ ಸೋವಿಯತ್ ಕಡೆ ವಾಲೀತು ಎಂಬ ಆತಂಕ ವಾಷಿಂಗ್ಟನ್ನಿಗೆ ತೈಲಕ್ಕಿಂತ ಕಡಿಮೆ ಏನೂ ಇರಲಿಲ್ಲ. ಎರಡನ್ನೂ ಬೇರ್ಪಡಿಸುವುದು ಕಷ್ಟ. ಆದರೆ ಮಿತ್ರರ ನಡುವಿನ ಪೈಪೋಟಿಯ ಬಗ್ಗೆ ನೀವು ಹೇಳಿದ್ದು ಸರಿಯಾಗಿದೆ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಕಾಲುವೆ ಮುಚ್ಚಿ ಬ್ರಿಟನ್ ಮತ್ತು ಫ್ರಾನ್ಸ್ ತೈಲಕ್ಕೆ ಪರದಾಡಿದಾಗ, ಅಮೆರಿಕದ ಐಸೆನ್‌ಹೋವರ್ ಸರ್ಕಾರ ಅವು ಈಜಿಪ್ಟಿನಿಂದ ಸೇನೆ ಹಿಂತೆಗೆಯುವವರೆಗೆ ತುರ್ತು ತೈಲ ಕೊಡಲಿಲ್ಲ. ಪೌಂಡ್ ಕುಸಿಯುತ್ತಿದ್ದರೂ ಕೈಹಿಡಿಯಲಿಲ್ಲ. ಎರಡು ಹಳೆಯ ಸಾಮ್ರಾಜ್ಯಗಳು ಗುಂಡೇಟಿಗೆ ಮಣಿಯದೆ ಬ್ಯಾರೆಲ್ಲಿಗೂ ಡಾಲರಿಗೂ ಮಣಿದವು.

ಹಡಗಿನ ಲೆಕ್ಕ

ಬಾವಿ ಯಾರದು ಎಂದೇ ಎಲ್ಲರೂ ಕೇಳುತ್ತಿದ್ದೀರಿ. ದಾರಿ ಯಾರದು ಎಂದು ಕೇಳಿದರೆ ಚಿತ್ರ ಬೇರೆಯಾಗುತ್ತದೆ.

ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಜಲಸಂಧಿಯ ಮೂಲಕ 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಸಾಗಿತು. ಜಗತ್ತಿನ ಬಳಕೆಯ ಐದನೇ ಒಂದು ಪಾಲು. ಕತಾರಿನ ದ್ರವೀಕೃತ ಅನಿಲಕ್ಕೂ ಅದೇ ಬಾಗಿಲು. ಅದರಲ್ಲಿ ನಾಲ್ಕನೇ ಮೂರು ಪಾಲಿಗಿಂತ ಹೆಚ್ಚು ಹೋದದ್ದು ಏಷ್ಯಾಕ್ಕೆ: ಚೀನಾ, ಭಾರತ, ಜಪಾನ್, ದಕ್ಷಿಣ ಕೊರಿಯಾ. ಕೊಲ್ಲಿಯನ್ನು ಹೊರಗಿನ ಶಕ್ತಿ ವಶಪಡಿಸಿಕೊಳ್ಳಲು ಬಂದರೆ ಸೇನಾಬಲದಿಂದಲೇ ತಡೆಯುತ್ತೇವೆ ಎಂದು 1980ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಘೋಷಿಸಿದ್ದರು. ಆಗ ಅಮೆರಿಕ ತಾನೇ ದೊಡ್ಡ ಆಮದುದಾರ. ಇಂದು ಅದು ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ, ಆದರೂ ಅದರ ಐದನೇ ನೌಕಾದಳ ಬಹ್ರೇನಿನಲ್ಲೇ ಇದೆ. ಅಂದರೆ ಪ್ರತಿಸ್ಪರ್ಧಿಯ ತೈಲ ಸಾಗುವ ನೀರನ್ನು ಅಮೆರಿಕದ ತೆರಿಗೆದಾರ ಕಾಯುತ್ತಿದ್ದಾನೆ. ಇದು ಉಪಕಾರವೂ ಹೌದು, ಬೆದರಿಕೆಯೂ ಹೌದು. ಬೀಜಿಂಗ್ ಎರಡನೆಯದನ್ನೇ ಓದಿಕೊಂಡಿದೆ.

ಚೀನಾ 2017ರಿಂದ ಕಚ್ಚಾ ತೈಲದ ಅತಿ ದೊಡ್ಡ ಆಮದುದಾರ. ಸಮುದ್ರದಲ್ಲಿ ಬರುವ ತೈಲದ ಬಹುಪಾಲು ಮಲೇಷ್ಯಾ ಮತ್ತು ಸುಮಾತ್ರಾ ನಡುವಿನ ಮಲಕ್ಕಾ ಜಲಸಂಧಿ ದಾಟಲೇಬೇಕು. ಅದು ಅತಿ ಕಿರಿದಾದ ಕಡೆ ಮೂರು ಕಿಲೋಮೀಟರಿನಷ್ಟೂ ಅಗಲವಿಲ್ಲ. 2003ರಲ್ಲೇ ಅಧ್ಯಕ್ಷ ಹು ಜಿಂಟಾವೊ ಈ ಚಿಂತೆಯನ್ನು ಎತ್ತಿದ್ದರು. ಆಮೇಲೆ ಚೀನಾ ಕಜಕಸ್ತಾನದಿಂದ, ಸೈಬೀರಿಯಾದಿಂದ, ಮ್ಯಾನ್ಮಾರಿನ ಕ್ಯೌಕ್‌ಪ್ಯುವಿನಿಂದ ಕೊಳವೆಗಳನ್ನು ಹಾಕಿತು, ದೊಡ್ಡ ನೌಕಾಪಡೆ ಕಟ್ಟಿತು, ಜಿಬೂಟಿಯಲ್ಲಿ ನೆಲೆ ಮಾಡಿಕೊಂಡಿತು. ಇದನ್ನೆಲ್ಲ ನೋಡಿ ನೆರೆಯವರು ತಮ್ಮ ನೌಕಾಪಡೆ ಹೆಚ್ಚಿಸಿದರು. ಒಬ್ಬನ ರಕ್ಷಣೆ ಇನ್ನೊಬ್ಬನಿಗೆ ದಾಳಿಯ ಸಿದ್ಧತೆಯಂತೆ ಕಾಣಿಸುವ ಹಳೆಯ ಕಥೆಯೇ ಇದು.

ಇನ್ನೊಂದು ದಾರಿ ಕಣ್ಣಿಗೆ ಕಾಣುವುದಿಲ್ಲ, ಅದು ವಿಮೆ. ಜಗತ್ತಿನ ಸರಕು ಹಡಗುಗಳ ಒಟ್ಟು ಸಾಮರ್ಥ್ಯದಲ್ಲಿ ಸುಮಾರು ಶೇ 90ಕ್ಕೆ ಹೊಣೆಗಾರಿಕೆ ವಿಮೆ ಕೊಡುವುದು ಹಡಗು ಮಾಲೀಕರೇ ಸೇರಿ ನಡೆಸುವ ಬೆರಳೆಣಿಕೆಯ ವಿಮಾ ಸಂಘಗಳು, ಅವುಗಳಲ್ಲಿ ಹೆಚ್ಚಿನವು ಯುರೋಪಿನ ಹಿಡಿತದಲ್ಲಿವೆ. 2022ರ ಡಿಸೆಂಬರಿನಲ್ಲಿ ಜಿ-7 ರಷ್ಯಾದ ತೈಲಕ್ಕೆ ಬ್ಯಾರೆಲ್ಲಿಗೆ 60 ಡಾಲರ್ ಮಿತಿ ಹಾಕಿದ್ದು ಈ ಬಲದ ಮೇಲೆಯೇ: ಅದಕ್ಕಿಂತ ಹೆಚ್ಚಿಗೆ ಮಾರಿದರೆ ನಮ್ಮ ವಿಮೆ ಇಲ್ಲ. ರಷ್ಯಾ ಹಳೆಯ ಟ್ಯಾಂಕರುಗಳನ್ನು ಒಟ್ಟುಗೂಡಿಸಿ, ಧ್ವಜ ಬದಲಿಸಿ, ಒಡೆತನ ಮರೆಮಾಚಿ ತನ್ನದೇ ಒಂದು ನೆರಳು ನೌಕಾದಂಡು ಕಟ್ಟಿಕೊಂಡಿತು. ಈ ಆಟದ ಹೊಸ ನಿಯಮ ಬರೆದವರು ಸೇನಾಪತಿಗಳಲ್ಲ, ಗುಮಾಸ್ತರು.

ಕೊಳವೆಮಾರ್ಗ

ನೀವೆಲ್ಲ ತೈಲದ ಬಗ್ಗೆಯೇ ಹೇಳುತ್ತಿದ್ದೀರಿ. ಅನಿಲದ ಸ್ವಭಾವವೇ ಬೇರೆ, ಅದು ಹುಟ್ಟಿಸುವ ರಾಜಕೀಯವೂ ಬೇರೆ. ತೈಲದ ಹಡಗು ನಡುದಾರಿಯಲ್ಲಿ ದಿಕ್ಕು ಬದಲಿಸಬಹುದು. ಕೊಳವೆಯ ಎರಡು ತುದಿಗಳು ಮಾತ್ರ ಮೂವತ್ತು ವರ್ಷ ಒಂದಕ್ಕೊಂದು ಕಟ್ಟುಬಿದ್ದ ದಂಪತಿಗಳು.

1970ರ ಫೆಬ್ರುವರಿಯಲ್ಲಿ ಪಶ್ಚಿಮ ಜರ್ಮನಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡಿತು. ಜರ್ಮನಿ ದೊಡ್ಡ ವ್ಯಾಸದ ಉಕ್ಕಿನ ಕೊಳವೆ ಕೊಡಬೇಕು, ಅದಕ್ಕೆ ಜರ್ಮನ್ ಬ್ಯಾಂಕುಗಳು ಸಾಲ ಕೊಡಬೇಕು, ಸೋವಿಯತ್ ಅನಿಲದಲ್ಲಿ ಆ ಸಾಲ ತೀರಬೇಕು. 1973ರಲ್ಲಿ ಅನಿಲ ಹರಿಯಿತು. ಕ್ಷಿಪಣಿಗಳು ಎರಡೂ ಕಡೆ ನಿಂತಿದ್ದರೂ ಹರಿವು ನಿಲ್ಲಲಿಲ್ಲ.

ವಾಷಿಂಗ್ಟನ್ನಿಗೆ ಇದು ಎಂದೂ ಹಿಡಿಸಿರಲಿಲ್ಲ. ಪೋಲೆಂಡಿನಲ್ಲಿ ಸೇನಾಡಳಿತ ಬಂದಾಗ ಅಮೆರಿಕದ ಅಧ್ಯಕ್ಷ ರೇಗನ್, ಸೈಬೀರಿಯಾದ ಉರೆಂಗೋಯ್‌ನಿಂದ ಬರುವ ಹೊಸ ಕೊಳವೆಗೆ ಸಲಕರಣೆ ಮಾರದಂತೆ ನಿರ್ಬಂಧ ಹಾಕಿದರು. 1982ರ ಜೂನ್‌ನಲ್ಲಿ ಅದನ್ನು ಅಮೆರಿಕದ ಪರವಾನಗಿಯಲ್ಲಿ ಯಂತ್ರ ತಯಾರಿಸುವ ಯುರೋಪಿನ ಕಂಪನಿಗಳಿಗೂ ಹಬ್ಬಿಸಿದರು. ತಿರುಗಿಬಿದ್ದವರು ಯಾರು? ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್, ಪ್ಯಾರಿಸ್ ಮಾತ್ರವಲ್ಲ, ರೇಗನ್ನರ ಆಪ್ತೆ, ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕೂಡ. ಒಪ್ಪಂದ ಪಾಲಿಸಿ ಎಂದು ಅವರು ತಮ್ಮ ಕಂಪನಿಗಳಿಗೆ ಆದೇಶಿಸಿದರು. ನವೆಂಬರಿನಲ್ಲಿ ರೇಗನ್ ನಿರ್ಬಂಧ ಹಿಂತೆಗೆದುಕೊಂಡರು. ನಾಲ್ಕು ದಶಕಗಳ ನಂತರ, ರಷ್ಯಾದಿಂದ ಬಾಲ್ಟಿಕ್ ಸಮುದ್ರದ ತಳದಲ್ಲಿ ಜರ್ಮನಿಗೆ ಹಾಕಿದ ನಾರ್ಡ್ ಸ್ಟ್ರೀಮ್-2 ಕೊಳವೆಯ ಬಗ್ಗೆ ಇದೇ ಜಗಳ ಇದೇ ಮಾತುಗಳಲ್ಲಿ ಮತ್ತೆ ನಡೆಯಿತು.

ಹಾಗಾದರೆ ಅಮೆರಿಕ ಹೇಳಿದ್ದೇ ಸರಿ ಎಂದು ಸಾಬೀತಾಯಿತೇ? ಭಾಗಶಃ. 2021ರಲ್ಲಿ ಐರೋಪ್ಯ ಒಕ್ಕೂಟ ಆಮದು ಮಾಡಿಕೊಂಡ ಅನಿಲದಲ್ಲಿ ಶೇ 40ಕ್ಕೂ ಹೆಚ್ಚು ರಷ್ಯಾದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಹರಿವು ಕುಗ್ಗಿದಾಗ ಆಗಸ್ಟಿನಲ್ಲಿ ಯುರೋಪಿನ ಸಗಟು ಬೆಲೆ ಮೆಗಾವಾಟ್-ಗಂಟೆಗೆ 300 ಯೂರೊ ದಾಟಿತು. ಸೆಪ್ಟೆಂಬರ್ 26ರಂದು ಬಾಲ್ಟಿಕ್ ತಳದಲ್ಲಿ ಸ್ಫೋಟಗಳಾಗಿ ನಾರ್ಡ್ ಸ್ಟ್ರೀಮ್ ಕೊಳವೆಗಳು ಒಡೆದವು. ಅಲ್ಲಿಯವರೆಗೆ ಒಂದೂ ದ್ರವೀಕೃತ ಅನಿಲ ನಿಲ್ದಾಣ ಇಲ್ಲದಿದ್ದ ಜರ್ಮನಿ ಡಿಸೆಂಬರಿನಲ್ಲೇ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಮೊದಲನೆಯದನ್ನು ತೆರೆಯಿತು.

ಯುರೋಪ್ ಚಳಿಗಾಲ ದಾಟಿತು, ನಿಜ. ಅದಕ್ಕೆ ಬೆಲೆ ತೆತ್ತವರಲ್ಲಿ ಈ ಜಗಳಕ್ಕೆ ಸಂಬಂಧವೇ ಇಲ್ಲದವರೂ ಇದ್ದಾರೆ. ಯುರೋಪ್ ಕೊಟ್ಟ ಬೆಲೆಗೆ ಸರಿಗಟ್ಟಲಾಗದೆ ಪಾಕಿಸ್ತಾನದ ದ್ರವೀಕೃತ ಅನಿಲದ ಟೆಂಡರಿಗೆ 2022ರ ಜುಲೈನಲ್ಲಿ ಒಬ್ಬ ಮಾರಾಟಗಾರನೂ ಮುಂದೆ ಬರಲಿಲ್ಲ. ಬಾಂಗ್ಲಾದೇಶ ಗಂಟೆಗಟ್ಟಲೆ ವಿದ್ಯುತ್ ಕಡಿತ ಮಾಡಬೇಕಾಯಿತು. ದೊಡ್ಡವರ ಶಕ್ತಿ ಭದ್ರತೆ ಎಂಬ ಮಾತು ಕೇಳಿದಾಗೆಲ್ಲ ನನಗೆ ಆ ಖಾಲಿ ಟೆಂಡರೇ ನೆನಪಾಗುತ್ತದೆ.

ಬಿಡುಮಾತು

ಅಂದರೆ ವ್ಯಾಪಾರ ಬೆಳೆದರೆ ಶಾಂತಿ ಬರುತ್ತದೆ ಎಂಬ ಜರ್ಮನಿಯ ಸಿದ್ಧಾಂತಕ್ಕೆ ಅಲ್ಲಿಗೆ ಎಳ್ಳುನೀರು ಬಿಟ್ಟಂತಾಯಿತು. ಮುಂದಿನ ಚರ್ಚೆ ಏತಕ್ಕೆ?

ಹಳೆಯ ನಕ್ಷೆ

ಅಷ್ಟು ಬೇಗ ಎಳ್ಳುನೀರು ಬೇಡ. 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಜರ್ಮನಿಯ ರೂರ್ ಪ್ರದೇಶವನ್ನು ಆಕ್ರಮಿಸಿದ್ದೇ ಬಾಕಿ ಉಳಿದ ಯುದ್ಧ ಪರಿಹಾರಕ್ಕಾಗಿ, ಮುಖ್ಯವಾಗಿ ಕಲ್ಲಿದ್ದಲಿಗಾಗಿ. ಅದೇ ಕಲ್ಲಿದ್ದಲನ್ನು 1951ರಲ್ಲಿ ಆರು ದೇಶಗಳು ಉಕ್ಕಿನೊಂದಿಗೆ ಒಂದೇ ಪ್ರಾಧಿಕಾರದ ಕೈಗೆ ಕೊಟ್ಟವು. ಇಂದಿನ ಐರೋಪ್ಯ ಒಕ್ಕೂಟದ ಬೇರು ಅಲ್ಲಿದೆ.

ಎರಡನೆಯ ಉದಾಹರಣೆ ಇನ್ನೂ ವಿಚಿತ್ರ. 1993ರಿಂದ 2013ರವರೆಗೆ ರಷ್ಯಾದ ಅಣ್ವಸ್ತ್ರಗಳಿಂದ ತೆಗೆದ 500 ಟನ್ ಯುರೇನಿಯಂ ಅನ್ನು ತೆಳುಗೊಳಿಸಿ ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ ಉರಿಸಲಾಯಿತು. ಆ ಅವಧಿಯಲ್ಲಿ ಅಮೆರಿಕದ ವಿದ್ಯುತ್ತಿನ ಸುಮಾರು ಹತ್ತನೇ ಒಂದು ಪಾಲು ತನ್ನ ಮೇಲೆಯೇ ಗುರಿಯಿಟ್ಟಿದ್ದ ಸಿಡಿತಲೆಗಳಿಂದ ಬಂತು.

ಹಾಗಾಗಿ ಅವಲಂಬನೆ ಶಾಂತಿ ತರುತ್ತದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಲ್ಲಿದ್ದಲಿನ ಒಕ್ಕೂಟದಲ್ಲಿ ಇಬ್ಬರ ಮೇಲೂ ನಿಯಮ ಇತ್ತು, ಅದನ್ನು ಪಾಲಿಸುವಂತೆ ಮಾಡುವ ಪ್ರಾಧಿಕಾರವಿತ್ತು. ರಷ್ಯಾದ ಅನಿಲಕ್ಕೆ ವ್ಯಾಪಾರ ಒಪ್ಪಂದ ಮಾತ್ರ ಇತ್ತು. 2009ರ ಜನವರಿಯಲ್ಲಿ ಉಕ್ರೇನಿನೊಂದಿಗಿನ ಬೆಲೆ ಜಗಳದಲ್ಲಿ ಸುಮಾರು ಎರಡು ವಾರ ಹರಿವು ನಿಂತು, ಬಲ್ಗೇರಿಯಾ, ಸ್ಲೊವಾಕಿಯಾ ಚಳಿಯಲ್ಲಿ ನಡುಗಿದ್ದವು. ಬರ್ಲಿನ್ ಆಗಲೇ ಎಚ್ಚೆತ್ತುಕೊಳ್ಳಬಹುದಿತ್ತು. ಉಕ್ರೇನನ್ನು ಸುತ್ತಿ ಹೋಗುವ ಇನ್ನೊಂದು ಕೊಳವೆ ಹಾಕುವುದೇ ಪರಿಹಾರ ಎಂದು ಅದು ನಿರ್ಧರಿಸಿತು.

ಬಿಸಿಲುಕೋಲು

ನೀವೆಲ್ಲ ಹಿಂದಿನ ಶತಮಾನದಲ್ಲೇ ಇದ್ದೀರಿ. ಸೌರ, ಪವನ ಶಕ್ತಿ ಬೆಳೆದಂತೆ ಈ ಪೈಪೋಟಿ ತಣ್ಣಗಾಗುತ್ತದೆ ಎಂಬುದು ನನ್ನ ನಿಲುವು. ಬಿಸಿಲಿಗೆ ಜಲಸಂಧಿಯೂ ಇಲ್ಲ, ದಿಗ್ಬಂಧನವೂ ಇಲ್ಲ.

ಸೌರಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ 80 ದಾಟಿದೆ, ಬಲವಾದ ಆಯಸ್ಕಾಂತಗಳಿಗೆ ಬೇಕಾದ ವಿರಳ ಭೂಲೋಹಗಳ ಸಂಸ್ಕರಣೆಯಲ್ಲಿ ಸುಮಾರು ಶೇ 90 ಅದರದ್ದೇ ಎಂಬ ಆಕ್ಷೇಪ ಬರುತ್ತದೆ ಎಂದು ಗೊತ್ತು. ಆದರೆ ವ್ಯತ್ಯಾಸ ಗಮನಿಸಿ. ತೈಲ ಉರಿದುಹೋಗುತ್ತದೆ, ನಾಳೆ ಮತ್ತೆ ಬೇಕು. ಫಲಕ ಒಮ್ಮೆ ಬಂದು ಕೂತರೆ ಇಪ್ಪತ್ತೈದು ವರ್ಷ ವಿದ್ಯುತ್ ಕೊಡುತ್ತದೆ. ಮಾರುವವನು ನಾಳೆ ಬಾಗಿಲು ಹಾಕಿದರೆ ಹೊಸದು ಸಿಗಲಿಕ್ಕಿಲ್ಲ, ಇರುವ ದೀಪವಂತೂ ಆರುವುದಿಲ್ಲ. 1941ರ ಜಪಾನಿನ ಭಯ ಇಲ್ಲಿ ಹುಟ್ಟುವುದಿಲ್ಲ.

ಚೀನಾವನ್ನೇ ನೋಡಿ. ವಿದ್ಯುತ್ ಕಾರುಗಳ ಮೇಲೆ ಅದು ಅಷ್ಟು ಹಣ ಸುರಿದದ್ದು ಹವಾಮಾನದ ಕಾಳಜಿಗೆ ಮಾತ್ರ ಎಂದು ನಾನು ನಂಬುವುದಿಲ್ಲ. ರಸ್ತೆಯಲ್ಲಿ ಓಡುವ ಒಂದೊಂದು ವಿದ್ಯುತ್ ಕಾರೂ ಮಲಕ್ಕಾ ದಾಟಬೇಕಾದ ತೈಲವನ್ನು ಅಷ್ಟಷ್ಟೇ ಕಡಿಮೆ ಮಾಡುತ್ತದೆ. ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಅದರದೇ ಕಲ್ಲಿದ್ದಲಿನಿಂದ ಬರುತ್ತದೆ, ಹಸಿರೋ ಕಪ್ಪೋ, ಸ್ವಂತದ್ದು.

ಬಿಡುಮಾತು

ಬಿಸಿಲುಕೋಲು ಅವರೇ, ದೀಪ ಆರುವುದಿಲ್ಲ, ಒಪ್ಪಿದೆ. ಕಾರ್ಖಾನೆ ನಿಲ್ಲುತ್ತದಲ್ಲ? 2010ರಲ್ಲಿ, ಚೀನಾ-ಜಪಾನ್ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಮೀನುಗಾರಿಕೆ ದೋಣಿಯ ಜಗಳವಾದಾಗ ಚೀನಾದಿಂದ ಜಪಾನಿಗೆ ಹೋಗುವ ವಿರಳ ಭೂಲೋಹಗಳು ಬಂದರಿನಲ್ಲೇ ಉಳಿದವು. 2023ರಲ್ಲಿ ಗ್ಯಾಲಿಯಂ, ಜರ್ಮೇನಿಯಂ, ಆಮೇಲೆ ಗ್ರಾಫೈಟ್ ರಫ್ತಿಗೂ ಕಡಿವಾಣ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸುಂಕ ಏರಿಸಿದ ಕೂಡಲೇ ಚೀನಾ ಏಳು ವಿರಳ ಭೂಲೋಹಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಕೆಲವೇ ವಾರಗಳಲ್ಲಿ ಆಯಸ್ಕಾಂತ ಸಿಗದೆ ಕೆಲವು ಕಾರು ತಯಾರಕರು ಉತ್ಪಾದನೆ ನಿಲ್ಲಿಸಿದರು. ವಾಷಿಂಗ್ಟನ್ ಮಾತುಕತೆಯ ಮೇಜಿಗೆ ಬಂತು. ಒಂದು ಗುಂಡೂ ಹಾರಿಸದೆ ದೊರೆತ ಫಲ ಅದು.

ಹಡಗಿನ ಲೆಕ್ಕ

ಅಣು ವಿದ್ಯುತ್ ಸ್ಥಾವರಗಳ ಇಂಧನವಾದ ಪುಷ್ಟೀಕರಿಸಿದ ಯುರೇನಿಯಂ ಅನ್ನೂ ಆ ಪಟ್ಟಿಗೆ ಸೇರಿಸಿ. ಜಗತ್ತಿನ ಪುಷ್ಟೀಕರಣ ಸಾಮರ್ಥ್ಯದ ಶೇ 40ಕ್ಕೂ ಹೆಚ್ಚು ರಷ್ಯಾದಲ್ಲಿದೆ. 2024ರ ಮೇ ತಿಂಗಳಲ್ಲಿ ಅಮೆರಿಕ ರಷ್ಯಾದ ಯುರೇನಿಯಂ ಆಮದನ್ನು ನಿಷೇಧಿಸಿತು, ಜೊತೆಗೆ 2027ರವರೆಗೆ ವಿನಾಯಿತಿಯನ್ನೂ ಇಟ್ಟುಕೊಂಡಿತು. ನವೆಂಬರಿನಲ್ಲಿ ರಷ್ಯಾ ತಾನೇ ಅಮೆರಿಕಕ್ಕೆ ರಫ್ತು ನಿರ್ಬಂಧಿಸಿತು. ಬಾಯಲ್ಲಿ ನಿಷೇಧ, ಕೈಯಲ್ಲಿ ವಿನಾಯಿತಿ ಪತ್ರ.

ಈ ಹಿಡಿತ ಕೊಡುವವರಿಗೆ ಮಾತ್ರ ಸೇರಿದ್ದೂ ಅಲ್ಲ. ಕೊಳ್ಳುವುದನ್ನೂ ಈಗ ಆಜ್ಞೆಯ ಮೂಲಕ ಮಾಡಿಸಲಾಗುತ್ತಿದೆ. ಅಮೆರಿಕ 2023ರಲ್ಲಿ ದ್ರವೀಕೃತ ಅನಿಲದ ಅತಿ ದೊಡ್ಡ ರಫ್ತುದಾರನಾಯಿತು. 2025ರ ಜುಲೈನ ಸುಂಕ ಒಪ್ಪಂದದಲ್ಲಿ ಐರೋಪ್ಯ ಒಕ್ಕೂಟ 75,000 ಕೋಟಿ ಡಾಲರ್ ಮೌಲ್ಯದ ಅಮೆರಿಕದ ಇಂಧನ ಕೊಳ್ಳುವ ಮಾತು ಕೊಟ್ಟಿತು. ಅಷ್ಟನ್ನು ಮೂರು ವರ್ಷದಲ್ಲಿ ತುಂಬಿಸಲು ಹಡಗಾದರೂ ಎಲ್ಲಿದೆ ಎಂದು ಯಾರೂ ಕೇಳಿದಂತಿಲ್ಲ. ಆಗಸ್ಟಿನಲ್ಲಿ, ರಷ್ಯಾದ ತೈಲ ಕೊಂಡ ಕಾರಣಕ್ಕೆ ಭಾರತದ ಸರಕುಗಳ ಮೇಲೆ ಹೆಚ್ಚುವರಿ ಶೇ 25 ಸುಂಕ ಬಿತ್ತು. ಅದೇ ತೈಲವನ್ನು ಇನ್ನೂ ಹೆಚ್ಚು ಕೊಂಡ ಚೀನಾದ ಮೇಲೆ ಆಗ ಆ ಸುಂಕ ಬೀಳಲಿಲ್ಲ. ಕಾರಣ ಬಿಡುಮಾತು ಅವರು ಮೇಲೆಯೇ ಹೇಳಿದ್ದಾರೆ: ಆಯಸ್ಕಾಂತ.

ಅನುಮಾನಿ

ನನ್ನ ಇರಾಕ್ ಪ್ರಶ್ನೆಗೆ ಈಗ ನನಗೇ ಒಂದು ಉತ್ತರ ಹೊಳೆಯುತ್ತಿದೆ. ಬಾವಿ ಚೀನಾದ ಕೈಗೆ ಹೋದರೂ ಹಡಗಿನ ದಾರಿ, ಡಾಲರಿನ ಲೆಕ್ಕ, ವಿಮೆಯ ಕಾಗದ ಇವೆಲ್ಲ ಪಶ್ಚಿಮದ ಕೈಯಲ್ಲೇ ಉಳಿದಿದ್ದವು. ಆ ಕಾರಣಕ್ಕೇ ಬಾವಿ ಬಿಟ್ಟುಕೊಡುವುದು ಅಷ್ಟೇನೂ ನೋಯಲಿಲ್ಲ.

ಒಂದು ಸಂಗತಿ ಮಾತ್ರ ಇನ್ನೂ ಬಗೆಹರಿದಿಲ್ಲ. ಯುರೋಪಿನ ಗಿರಾಕಿಗಳನ್ನು ಕಳೆದುಕೊಂಡ ರಷ್ಯಾ ಈಗ ಚೀನಾದ ಅಂಗಳದಲ್ಲಿದೆ. ಇದು ಮೈತ್ರಿಯೋ, ಹೊಸ ಅವಲಂಬನೆಯೋ? ಕೊಳವೆಮಾರ್ಗ ಅವರು ಹೇಳಬೇಕು.

ಕೊಳವೆಮಾರ್ಗ

ಬೆಲೆ ಚೌಕಾಸಿಯಲ್ಲಿ ಅದು ತಿಳಿಯುತ್ತದೆ. 2014ರ ಮೇ ತಿಂಗಳಲ್ಲಿ, ಕ್ರಿಮಿಯಾ ಪ್ರಕರಣದಿಂದ ರಷ್ಯಾ ಒಂಟಿಯಾಗಿದ್ದ ಹೊತ್ತಿನಲ್ಲಿಯೇ, ಹತ್ತು ವರ್ಷ ಎಳೆದಾಡಿದ್ದ ಮಾತುಕತೆ ಮುಗಿದು ಚೀನಾಕ್ಕೆ ಹೋಗುವ ಪವರ್ ಆಫ್ ಸೈಬೀರಿಯಾ ಕೊಳವೆಯ ಒಪ್ಪಂದವಾಯಿತು. 2019ರ ಡಿಸೆಂಬರಿನಲ್ಲಿ ಅನಿಲ ಹರಿಯಿತು. ವರ್ಷಕ್ಕೆ 3,800 ಕೋಟಿ ಘನ ಮೀಟರ್ ಅದರ ಸಾಮರ್ಥ್ಯ. ಯುದ್ಧಕ್ಕೆ ಮುಂಚೆ ಯುರೋಪಿಗೆ ಹೋಗುತ್ತಿದ್ದುದು ಇದರ ನಾಲ್ಕು ಪಟ್ಟಿನಷ್ಟು.

ಇನ್ನೊಂದು ತೊಡಕು ಭೂಗೋಳದ್ದು. ಈ ಕೊಳವೆಗೆ ಅನಿಲ ಬರುವುದು ಪೂರ್ವ ಸೈಬೀರಿಯಾದ ಚಯಾಂಡಾ, ಕೊವಿಕ್ಟಾ ನಿಕ್ಷೇಪಗಳಿಂದ. ಯುರೋಪಿಗೆ ಹೋಗುತ್ತಿದ್ದುದು ಪಶ್ಚಿಮ ಸೈಬೀರಿಯಾದ್ದು, ಅಲ್ಲಿಂದ ಚೀನಾಕ್ಕೆ ಕೊಳವೆಯೇ ಇಲ್ಲ. ಆ ಅನಿಲಕ್ಕೆ ದಾರಿ ಮಾಡಲು ರಷ್ಯಾ ಬಯಸುತ್ತಿರುವುದು ಮಂಗೋಲಿಯಾ ಮೂಲಕ ಸಾಗುವ ಎರಡನೇ ಕೊಳವೆ, 5,000 ಕೋಟಿ ಘನ ಮೀಟರಿನದು. ಮಾಸ್ಕೊಗೆ ಅವಸರ ಇದೆ, ಬೀಜಿಂಗಿಗೆ ಇಲ್ಲ. ಚೀನಾದ ಬಳಿ ತುರ್ಕ್ಮೆನಿಸ್ತಾನದ ಅನಿಲವಿದೆ, ಕತಾರಿನ ದೀರ್ಘಾವಧಿ ಒಪ್ಪಂದಗಳಿವೆ, ನೆಲದಡಿ ಸ್ವಂತ ಅನಿಲವಿದೆ. ಜರ್ಮನಿ ಮಾಡಿದ್ದನ್ನು ಅದು ಹತ್ತಿರದಿಂದ ನೋಡಿದೆ. ಒಬ್ಬನೇ ಮಾರಾಟಗಾರನಿಗೆ ತಲೆ ಕೊಡುವ ಉದ್ದೇಶ ಅದಕ್ಕಿಲ್ಲ. ಒಬ್ಬನೇ ಕೊಳ್ಳುವವನಿಗೆ ತಲೆ ಕೊಡುವ ಸರದಿ ರಷ್ಯಾದ್ದಾಗಿದೆ.

2025ರ ಸೆಪ್ಟೆಂಬರಿನಲ್ಲಿ ಪುಟಿನ್ ಬೀಜಿಂಗಿಗೆ ಹೋಗಿದ್ದಾಗ, ಎರಡನೇ ಕೊಳವೆಗೆ ಕಾನೂನುಬದ್ಧ ಒಡಂಬಡಿಕೆ ಆಯಿತೆಂದು ರಷ್ಯಾದ ಅನಿಲ ಕಂಪನಿ ಗಾಜ್‌ಪ್ರೋಮ್ ಮುಖ್ಯಸ್ಥರು ಘೋಷಿಸಿದರು. ಬೆಲೆಯನ್ನು ಆಮೇಲೆ ಪ್ರತ್ಯೇಕವಾಗಿ ನಿಗದಿ ಮಾಡಲಾಗುವುದು ಎಂದರು.

ಬಿಡುಮಾತು

ಬೆಲೆ ಬರೆಯದ ಒಡಂಬಡಿಕೆಗೆ, ಆ ಎರಡು ದೇಶಗಳು ಹೇಳಿಕೊಂಡ "ಮಿತಿಯಿಲ್ಲದ ಸ್ನೇಹ" ಎಂಬ ಹೆಸರು! ಮೊದಲು ಆ ಸಂಖ್ಯೆ ಹೊರಬರಲಿ, ಮೈತ್ರಿಯೋ ಅಲ್ಲವೋ ಆಮೇಲೆ ಜಗಳವಾಡೋಣ.